ಪೀರಾ ಸಾಬನ ಹತ್ತೊಂಬತ್ತು ಬಿಲ್ಲೆ

ಇಷ್ಟೆಲ್ಲ ರಾಮಾಯಣಕ್ಕೆ ಕಾರಣವಾದದ್ದು ಬಂದೂಕಿನ ಲೈಸೆನ್ಸ್ ನವೀಕರಣದ ಅರ್ಜಿಯಲ್ಲಿದ್ದ ಒಂದೇ ಒಂದು ಪ್ರಶ್ನೆ. ‘ಕಳೆದ ಐದು ವರ್ಷಗಳಲ್ಲಿ ಬಂದೂಕನ್ನು ಯಾವ ಉದ್ದೇಶಕ್ಕೆ ಬಳಸಿದಿರಿ?’ ಎಂದು ಅದು ಕೇಳಿತ್ತು. ಸುತ್ತಲಿನ ರೈತರೆಲ್ಲ ಅಲ್ಲಿ ಕಣ್ಣು ಮುಚ್ಚಿಕೊಂಡು ‘ಕಾಡುಹಂದಿಯಿಂದ ಬೆಳೆ ರಕ್ಷಣೆ’ ಎಂದು ಬರೆದು ಸಹಿ ಹಾಕಿದ್ದರು. ಮಾನ್ವಿಯ ಗಾದಿ ಅಂಗಡಿ ಪೀರಾ ಸಾಬ ಮಾತ್ರ ದುಂಡಗಿನ ಅಕ್ಷರದಲ್ಲಿ ‘ಸದ್ದು ಮಾಡಲು’ ಎಂದು ಬರೆದ.

ಅವನು ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಊರಾಚೆ ಕಾಲುವೆಯ ಪಕ್ಕ ಅವನಿಗೆ ಎರಡೆಕರೆ ಭತ್ತದ ಗದ್ದೆಯಿತ್ತು. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಹಕ್ಕಿಗಳ ದಂಡು ಹೇಳಿ ಕಳಿಸಿದಂತೆ ಬಂದಿಳಿಯುತ್ತಿತ್ತು. ಪೀರಾ ಸಾಬ ಬೆಳಗಿನ ನಮಾಜು ಮುಗಿಸಿ, ಅಪ್ಪ ಬಿಟ್ಟುಹೋದ ಜೋಡು ನಳಿಗೆಯ ಬಂದೂಕು ಹೊತ್ತು ಬದುವಿನ ಮೇಲೆ ನಿಂತು ಒಂದೇ ಒಂದು ಸಲ ‘ಢಂ’ ಅನ್ನಿಸುತ್ತಿದ್ದ. ದಂಡು ಹಾಗೇ ತಿರುಗಿ ಹೋಗುತ್ತಿತ್ತು. ಆ ಒಂದು ಸದ್ದಿನಲ್ಲಿ ಅಕ್ಕಪಕ್ಕದ ನಾಲ್ಕು ಗದ್ದೆಗಳ ತೆನೆಯೂ ಉಳಿಯುತ್ತಿತ್ತು. ಸುಗ್ಗಿ ಮುಗಿದ ಮೇಲೆ ಆ ನಾಲ್ಕೂ ಮನೆಯವರು ಮೊರದ ತುಂಬ ಹೊಸ ಅಕ್ಕಿ ತಂದುಕೊಡುವುದು ಅವನ ಅಪ್ಪ ಮೌಲಾ ಸಾಬನ ಕಾಲದಿಂದ ನಡೆದುಬಂದ ರೂಢಿ.

ರಾಯಚೂರಿನ ಕಚೇರಿಗೆ ಮೈಸೂರು ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ಸಾಹೇಬರಿಗೆ ಈ ರೂಢಿಯೆಲ್ಲ ಎಲ್ಲಿ ಗೊತ್ತಿರಬೇಕು? ಅರ್ಜಿ ಓದಿ ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಓದಿದರು.

“ಸದ್ದು ಮಾಡೋದಕ್ಕೆ ಬಂದೂಕು ಬೇಕೇನ್ರಿ? ತಮಟೆ ಸಾಲದಾ?”

“ತಮಟಿಗೆ ಹಕ್ಕಿ ರೂಢಿ ಆಗ್ಯಾವ್ರಿ ಸಾಹೇಬ್ರ. ಕೂತು ಕೇಳ್ತಾವ,” ಎಂದ ಪೀರಾ ಸಾಬ.

ಸಾಹೇಬರು ನಗಲಿಲ್ಲ. “ನೋಡಿ, ಬಂದೂಕು ಅನ್ನೋದು ಬಲ್ಲವರ ಕೈಯಲ್ಲಿರಬೇಕು. ಈ ಭಾನುವಾರ ಚಂದ್ರಬಂಡ ರಸ್ತೆಯಲ್ಲಿ ಶೂಟಿಂಗ್ ಕ್ಲಬ್ಬಿನವರ ಸ್ಪರ್ಧೆ ಇದೆ, ಯಾರು ಬೇಕಾದರೂ ಭಾಗವಹಿಸಬಹುದು. ನಾನೇ ಮುಖ್ಯ ಅತಿಥಿ. ನಿಮ್ಮ ಫೈಲನ್ನು ಅಲ್ಲಿಗೇ ತರ್ತೀನಿ. ಬಂದು ಹೊಡೆದು ತೋರಿಸಿ. ಬಲ್ಲವರು ಅನ್ನಿಸಿದರೆ ಅಲ್ಲೇ ಸಹಿ. ಇಲ್ಲದಿದ್ದರೆ ಬಂದೂಕು ಅಲ್ಲೇ ಜಮಾ.”

“ಭಾಳ ಉಪಕಾರ ಆತ್ರಿ,” ಎಂದು ಪೀರಾ ಸಾಬ ಎರಡೂ ಕೈಯೆತ್ತಿ ಸಲಾಮು ಹೊಡೆದ.

ಇದೇ ಅವನ ಹಣೆಬರಹ. ಉಪಕಾರ ನೆನೆಯದೆ ಅವನ ಬಾಯಿಗೆ ಒಂದು ಗುಟುಕು ನೀರು ಇಳಿಯುತ್ತಿರಲಿಲ್ಲ. ಒಮ್ಮೆ ಹಜಾಮ ಕ್ಷೌರ ಮಾಡುವಾಗ ಬಲಗಿವಿ ಕೊಯ್ದಿದ್ದಕ್ಕೆ, ಎಡಗಿವಿ ಉಳಿಸಿದೆಯಲ್ಲ ಮಾರಾಯ ಎಂದು ಅವನ ಕೈ ಹಿಡಿದುಕೊಂಡು ಬಂದಿದ್ದ. ಹೆಂಡತಿ ಖುರ್ಷೀದ್ ಬೇಗಂ, “ನಾಳೆ ಮನಿಗೆ ಕಳ್ಳ ಬಂದ್ರೂ, ಚಪ್ಪಲಿ ಹೊರಗ ಬಿಟ್ಟು ಬಂದಿಯಲ್ಲಪ್ಪ ಅಂತ ಸಲಾಮು ಹೊಡಿತಾರ ಇವರು,” ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಆದರೆ ಬಂದೂಕಿನ ವಿಷಯದಲ್ಲಿ ಪೀರಾ ಸಾಬನಿಗೆ ನಗು ಬರುತ್ತಿರಲಿಲ್ಲ. ಅದು ಅಪ್ಪನ ಕೈಯಾಡಿದ ಬಂದೂಕು. ಅದರ ಕಟ್ಟಿಗೆಯ ಮೇಲೆ ಅಪ್ಪನ ಕೆನ್ನೆ ಒರಗಿ ಒರಗಿ ಒಂದು ಕಡೆ ನುಣ್ಣಗಾಗಿತ್ತು. ಅದನ್ನು ಕಳೆದುಕೊಂಡರೆ ಅಪ್ಪನನ್ನು ಎರಡನೇ ಸಲ ಮಣ್ಣಿಗೆ ಕೊಟ್ಟ ಹಾಗೆ ಎಂದು ಅವನು ಭಾನುವಾರದವರೆಗಿನ ಮೂರು ರಾತ್ರಿ ಸರಿಯಾಗಿ ಕಣ್ಣು ಮುಚ್ಚಲಿಲ್ಲ.

ಭಾನುವಾರ ಕೋಳಿ ಕೂಗುವ ಮೊದಲೇ ಪಕ್ಕದ ಗದ್ದೆಯ ಇಬ್ಬರು ಬಾಗಿಲಿಗೆ ಬಂದು ನಿಂತಿದ್ದರು. ಒಬ್ಬ ಗುಲಾಮ್ ದಸ್ತಗೀರ್, ಮೂವತ್ತೈದು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ರಸ್ತೆಯ ಬಗ್ಗೆ ಬಿಟ್ಟು ಜಗತ್ತಿನ ಉಳಿದೆಲ್ಲದರ ಬಗ್ಗೆಯೂ ಅವನಿಗೆ ಖಚಿತ ಅಭಿಪ್ರಾಯಗಳಿದ್ದವು. ಇನ್ನೊಬ್ಬ ಅಂಜಿನೇಯ, ಟ್ರ್ಯಾಕ್ಟರ್ ಮೆಕ್ಯಾನಿಕ್. ಜಗತ್ತಿನ ಯಾವ ತೊಂದರೆಯೂ ಎಣ್ಣೆ ಬಿಟ್ಟರೆ ಸರಿಹೋಗುತ್ತದೆ ಎಂದು ನಂಬಿದವನು.

“ನಿನ್ನ ಬಂದೂಕು ಹೋದ್ರ ನಮ್ಮ ನಾಕೂ ಮನಿ ಭತ್ತ ಹೋದಂಗ ಪೀರಾ,” ಎಂದ ದಸ್ತಗೀರ್. “ಅದಕ್ಕ ನಾವೂ ಬರಾಕತ್ತೀವಿ. ನೀ ಏನೂ ಚಿಂತಿ ಮಾಡಬ್ಯಾಡ.”

ಪೀರಾ ಸಾಬನ ಕಣ್ಣು ಒದ್ದೆಯಾಯಿತು. “ಚಾಚಾ, ನಿಮ್ಮ ಉಪಕಾರ ಹ್ಯಾಂಗ ತೀರಿಸ್ಲಿ?”

“ತೀರಿಸಾಕ ಹೋಗಬ್ಯಾಡ. ಮೊದಲು ಭುಜ ತೋರಿಸು,” ಎಂದು ದಸ್ತಗೀರ್ ಅವನ ಬಲಭುಜ ಒತ್ತಿ ನೋಡಿದ. “ಸ್ಪರ್ಧೆದಾಗ ಒಂದಲ್ಲ, ಇಪ್ಪತ್ತೈದು ಸಲ ಹೊಡಿಬೇಕಂತ. ಬಂದೂಕು ಒದ್ದು ಒದ್ದು ನಿನ್ನ ಭುಜ ಬದನೀಕಾಯಿ ಆಗ್ತದ. ಇಡೀ ಊರಿಗೆ ಗಾದಿ ಹೊಲಿತಿಯಲ್ಲ, ನಿನ್ನ ಭುಜಕ್ಕ ಒಂದು ಗಾದಿ ಹೊಲಕೊಳ್ಳಾಕ ಏನು ರೋಗ?”

ಕಸುಬಿನ ಮಾತು ಬಂದ ಮೇಲೆ ಪೀರಾ ಸಾಬನಿಗೆ ತಡೆಯಲಾಗಲಿಲ್ಲ. ಒಳ್ಳೆಯ ಹತ್ತಿ ಹಿಂಜಿ, ನಾಲ್ಕು ಬೆರಳು ದಪ್ಪದ ಪುಟ್ಟ ಗಾದಿಯೊಂದನ್ನು ಅರ್ಧ ತಾಸಿನಲ್ಲಿ ಹೊಲಿದು, ಅಂಗಿಯ ಭುಜಕ್ಕೆ ಸೇರಿಸಿ ಟಾಕಿ ಹಾಕಿದ. ನಾಲ್ಕೂ ಮೂಲೆಗೆ ದಾರದ ಗೊಂಡೆ ಬೇರೆ ಕಟ್ಟಿದ. ಅಷ್ಟರಲ್ಲಿ ಅಂಜಿನೇಯ ಬಂದೂಕಿಗೆ ಬುಡದಿಂದ ತುದಿಯವರೆಗೆ ಟ್ರ್ಯಾಕ್ಟರಿನ ಇಂಜಿನ್ ಎಣ್ಣೆ ಬಳಿದು ಮಿಂಚಿಸಿದ್ದ.

“ಹೆಂಗದ ಮಾಮಾ? ಈಗ ನೋಡು, ಬೆಣ್ಣಿಯೊಳಗ ಚಾಕು ಹಾಕಿದಂಗ ಓಡ್ತದ,” ಎಂದ ಅಂಜಿನೇಯ.

“ನಿನ್ನ ಹೊಟ್ಟಿ ತಣ್ಣಗಿರ್ಲಿ ಅಂಜಿನೇಯ,” ಎಂದು ಪೀರಾ ಸಾಬ ಅವನ ಬೆನ್ನು ಸವರಿದ. ಖುರ್ಷೀದ್ ಬೇಗಂ ಒಳಗಿನಿಂದ ಒಂದು ಸಲ ಗಂಡನನ್ನು ನೋಡಿದಳು. ಐದಡಿ ಎರಡಂಗುಲದ ಮನುಷ್ಯನ ಬಲಭುಜ ಎಡಭುಜಕ್ಕಿಂತ ಗೇಣು ಮೇಲಿತ್ತು. ಅವಳು ರೊಟ್ಟಿ ಕಟ್ಟಿಕೊಟ್ಟಳು.

ಬಸ್ಸಿನಲ್ಲಿ ಬಂದೂಕನ್ನು ಹೂವಿನ ಚಿತ್ತಾರದ ಗಾದಿ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ಕಂಡಕ್ಟರ್ ಏನದು ಎಂದು ಕೇಳಿದ್ದಕ್ಕೆ ಪೀರಾ ಸಾಬ ಇದ್ದದ್ದು ಇದ್ದಂತೆ ಹೇಳಿ ಲೈಸೆನ್ಸ್ ತೋರಿಸಿದ. ಹತ್ತು ನಿಮಿಷದಲ್ಲಿ ಇಡೀ ಬಸ್ಸಿಗೆ ವಿಷಯ ಗೊತ್ತಾಯಿತು. ಒಬ್ಬರು ಉಸಿರು ಹಿಡಿದು ಹೊಡೆಯಬೇಕು ಎಂದರು. ಇನ್ನೊಬ್ಬರು ಉಸಿರು ಬಿಟ್ಟು ಹೊಡೆಯಬೇಕು ಎಂದರು. ಹಿಂದಿನ ಸೀಟಿನ ಅಜ್ಜಿಯೊಬ್ಬಳು ಹೊಡೆಯಲೇಬಾರದು ಎಂದಳು. ರಾಯಚೂರು ಬರುವವರೆಗೂ ಪೀರಾ ಸಾಬ ಒಬ್ಬೊಬ್ಬರ ಕಡೆಗೂ ತಿರುಗಿ ತಿರುಗಿ ಕೈ ಮುಗಿದ.

ಸ್ಪರ್ಧೆಯ ಬಯಲು ಕಲ್ಲುಗುಡ್ಡದ ಹಿಂದಿತ್ತು. ಒಂದು ಕಡೆ ಶಾಮಿಯಾನ, ವೇದಿಕೆ, ಮೈಕು. ವೇದಿಕೆಯ ನಡುವೆ ಸಾಹೇಬರು ಕೂತಿದ್ದರು, ಮುಂದಿನ ಮೇಜಿನ ಮೇಲೆ ಕೆಂಪು ಲಾಡಿ ಕಟ್ಟಿದ ಫೈಲು. ಪೀರಾ ಸಾಬ ದೂರದಿಂದಲೇ ಅದನ್ನು ಗುರುತು ಹಿಡಿದ. ತನ್ನ ಫೈಲನ್ನು ನೆನಪಿಟ್ಟು ತಂದಿದ್ದಾರಲ್ಲ ಎಂದು ಅವನಿಗೆ ಒಂದು ಕ್ಷಣ ಸಂತೋಷವೂ ಆಯಿತು. ಸ್ಪರ್ಧಿಗಳು ಹತ್ತೋ ಹನ್ನೆರಡೋ ಮಂದಿ ಇದ್ದರು. ಅವರಲ್ಲಿ ಕಲ್ಲಿನ ಕ್ರಷರ್ ಮಾಲೀಕ ಅಮೋಘಸಿದ್ದ ವಿದೇಶಿ ಬಂದೂಕನ್ನು ಮಖಮಲ್ಲಿನ ಪೆಟ್ಟಿಗೆಯಿಂದ ಕೂಸಿನಂತೆ ಎತ್ತಿಕೊಳ್ಳುತ್ತಿದ್ದ.

ಸ್ಪರ್ಧೆ ನಡೆಸುತ್ತಿದ್ದವಳು ನೇತ್ರಾವತಿ. ದೇವದುರ್ಗದ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು, ಕ್ಲಬ್ಬಿನಲ್ಲಿ ಬಂದೂಕು ಕಲಿಸುವವಳು. ಕೊರಳಲ್ಲಿ ಸೀಟಿ, ಮಾತಿನಲ್ಲಿ ಬಿಸಿಲು.

“ಎಲ್ಲರೂ ಕೇಳ್ರಿ. ಚಹಾದ ಬಸಿಯಷ್ಟು ಅಗಲದ ಮಣ್ಣಿನ ಬಿಲ್ಲಿ ಯಂತ್ರದಿಂದ ಹಾರ್ತಾವ. ಐದು ನಿಲ್ದಾಣ, ಒಂದೊಂದರಾಗ ಐದು ಬಿಲ್ಲಿ. ಒಂದು ಕಡೆ ಅಡ್ಡ ಹಾರ್ತಾವ, ಒಂದು ಕಡೆ ತಲಿ ಮ್ಯಾಲ ಬರ್ತಾವ, ಒಂದು ಕಡೆ ನೆಲದ ಮ್ಯಾಲ ಮೊಲದಂಗ ಉರುಳ್ತಾವ. ಬಿಲ್ಲಿ ಒಡದ್ರ ಒಂದು ಅಂಕ. ಬಿಲ್ಲಿ ಬಿಟ್ಟು ಬ್ಯಾರೆ ಕಡೆ ನಳಿಗಿ ತಿರುಗಿಸಿದವ್ರು ಸೀದಾ ಮನಿಗೆ.”

ಆಮೇಲೆ ಪೀರಾ ಸಾಬನ ಬಂದೂಕು ನೋಡಿ ಅವಳ ಹುಬ್ಬು ಮೇಲೇರಿತು. “ಕಾಕಾ, ಇದು ಯಾರಿಗೆ ಮಾಡಿದ್ದು?”

“ನಮ್ಮಪ್ಪಂದು ಯವ್ವಾ. ಆರಡಿ ಆಳು ಅವ.”

“ಹೌದಾ? ಹಂಗಾರ ಇದು ಅವರ ತೋಳಿನ ಅಳತಿ. ನಿಮಗ ಉದ್ದ ಆಗ್ತದ. ಬಂದೂಕು ಅಂದ್ರ ಅಂಗಿ ಇದ್ದಂಗ ಕಾಕಾ, ಮೈಗೆ ಕೂತದ್ದೇ ಚೊಲೊ. ನಮ್ಮ ಕ್ಲಬ್ಬಿಂದು ಒಂದು ಕೊಡ್ಲೇನು?”

ದಸ್ತಗೀರ್ ನಡುವೆ ಬಾಯಿ ಹಾಕಿದ. “ಏನಮ್ಮಾ, ಹಡೆದಪ್ಪನ ಬಂದೂಕು ಬಿಟ್ಟು ಕಂಡವರ ಬಂದೂಕು ಹಿಡಿ ಅಂತೀಯ? ಮೂವತ್ತು ವರ್ಷ ಇದನ್ನೇ ಹೊಡೆದಾನ ಅವ!”

ಪೀರಾ ಸಾಬ ಅವಳಿಗೂ ಧನ್ಯವಾದ ಹೇಳಿದ, ದಸ್ತಗೀರನಿಗೂ ಹೇಳಿದ, ಕೊನೆಗೆ ಅಪ್ಪನ ಬಂದೂಕನ್ನೇ ಎತ್ತಿಕೊಂಡು ಮೊದಲ ನಿಲ್ದಾಣದಲ್ಲಿ ನಿಂತ.

ಗದ್ದೆಯಲ್ಲಾದರೆ ಅವನು ನಿಧಾನವಾಗಿ ಕಾಲೂರಿ, ಬಿಸ್ಮಿಲ್ಲಾ ಹೇಳಿ, ಭುಜಕ್ಕೆ ಆನಿಸಿಕೊಂಡು ಹೊಡೆಯುತ್ತಿದ್ದ. ಇಲ್ಲಿ ಬಿಲ್ಲೆಗಳಿಗೆ ಅಷ್ಟು ಪುರುಸೊತ್ತು ಇರಲಿಲ್ಲ. ಮೊದಲ ಬಿಲ್ಲೆ ಹಾರಿದಾಗ ಬಂದೂಕಿನ ಬುಡ ಭುಜದ ಗಾದಿಗೆ ಸಿಕ್ಕಿಕೊಂಡು ಮೇಲಕ್ಕೆ ಬರಲೇ ಇಲ್ಲ. ಎರಡನೆಯದಕ್ಕೆ ಬಂತು, ಆದರೆ ಎಣ್ಣೆಗೆ ಕೈ ಜಾರಿ ಗುಂಡು ಗುಡ್ಡದ ಕಡೆ ಹೋಯಿತು. ಮೂರನೆಯದಕ್ಕೆ ಗಾದಿಯ ಮೂಲೆಯ ಗೊಂಡೆ ಕಿತ್ತು ಅವನ ಮೂಗಿಗೆ ಹೊಡೆಯಿತು. ನಾಲ್ಕನೆಯದಕ್ಕೆ ಟಾಕಿ ಬಿಚ್ಚಿ ಹತ್ತಿ ಹಾರಾಡತೊಡಗಿ, ಬಿಲ್ಲೆ ಯಾವುದು, ಹತ್ತಿ ಯಾವುದು ತಿಳಿಯದೆ ಅವನು ಬಂದೂಕು ಇಳಿಸಿದ. ಐದನೆಯದು ಯಾರ ಗೊಡವೆಯೂ ಇಲ್ಲದೆ ಹಾರಿಹೋಗಿ ಕಲ್ಲಿನ ಮೇಲೆ ಬಿದ್ದು, ಅಲ್ಲಿಯೂ ಒಡೆಯದೆ ಉಳಿಯಿತು.

ಹಲಗೆಯ ಮೇಲೆ ಪೀರಾ ಸಾಬನ ಹೆಸರಿನ ಮುಂದೆ ದೊಡ್ಡದೊಂದು ಸೊನ್ನೆ ಬಿತ್ತು. ಶಾಮಿಯಾನದಲ್ಲಿ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರು ನಗಲಿಲ್ಲ. ಫೈಲನ್ನು ಹತ್ತಿರಕ್ಕೆ ಎಳೆದುಕೊಂಡರು.

“ಎಣ್ಣಿ ಕಡಿಮಿ ಆತು ಅನ್ನಿಸ್ತದ ಮಾಮಾ,” ಎಂದ ಅಂಜಿನೇಯ.

“ನೀ ಸುಮ್ಮನಿರೋ ಪುಣ್ಯಾತ್ಮಾ,” ಎಂದು ನೇತ್ರಾವತಿ ಅವನನ್ನು ಬದಿಗೆ ಸರಿಸಿ, ಪೀರಾ ಸಾಬನ ಭುಜದಿಂದ ಉಳಿದ ಗಾದಿಯನ್ನು ಕಿತ್ತು ತೆಗೆದಳು. “ಕಾಕಾ, ಮೊದಲೇ ಉದ್ದ ಆದ ಬಂದೂಕಿಗೆ ಮತ್ತ ನಾಕು ಬೆರಳು ಉದ್ದ ಮಾಡಿದ್ರಲ್ಲ! ಇನ್ನೂ ಇಪ್ಪತ್ತು ಬಿಲ್ಲಿ ಅದಾವ. ಬಂದೂಕು ಬದಲು ಮಾಡಾಕ ನಿಯಮ ಅದ. ಬರ್ರಿ ಇಲ್ಲೆ.”

ಮೇಜಿನ ಮೇಲೆ ಕ್ಲಬ್ಬಿನ ಮೂರು ಬಂದೂಕುಗಳಿದ್ದವು. ದಸ್ತಗೀರ್ ಎಲ್ಲಕ್ಕಿಂತ ಉದ್ದದ್ದನ್ನು ಮುಟ್ಟಿ ತೋರಿಸಿದ. “ಇದು ತಗೋ. ಉದ್ದ ಇದ್ದಷ್ಟು ಬಿಲ್ಲಿ ಹತ್ತಿರ ಆಗ್ತದ.” ಅಂಜಿನೇಯ ಎಲ್ಲಕ್ಕಿಂತ ಭಾರದ್ದನ್ನು ಆರಿಸಿದ. “ಇದು ನೋಡು ಮಾಮಾ, ಐವತ್ತು ಎಚ್.ಪಿ. ಇದ್ದಂಗದ.” ಇಬ್ಬರಿಗೂ ಅಲ್ಲೇ ವಾದ ಹತ್ತಿತು.

ನೇತ್ರಾವತಿ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಖಾಲಿ ಬಂದೂಕನ್ನು ಪೀರಾ ಸಾಬನ ಕೈಗೆ ಕೊಟ್ಟು, “ಕಣ್ಣು ಮುಚ್ಚಿ ಭುಜಕ್ಕ ಎತ್ತಿಕೊಳ್ರಿ. ಈಗ ಕಣ್ಣು ತೆಗೀರಿ. ಏನು ಕಾಣ್ತದ?” ಎಂದು ಕೇಳಿದಳು.

ಉದ್ದನೆಯದರಲ್ಲಿ ಅವನಿಗೆ ಬರೀ ಆಕಾಶ ಕಂಡಿತು. ಭಾರದ್ದರಲ್ಲಿ ಬರೀ ನೆಲ ಕಂಡಿತು. ಮೂರನೆಯದು ಶಾಲಾ ಮಕ್ಕಳು ಹಿಡಿದು ಹಿಡಿದು ಬಣ್ಣ ಹೋದ, ಅಲ್ಲಲ್ಲಿ ಗೀರು ಬಿದ್ದ ಗಿಡ್ಡನೆಯ ಬಂದೂಕು. ಅದನ್ನು ಎತ್ತಿ ಕಣ್ಣು ತೆಗೆದರೆ ನಳಿಗೆಯ ತುದಿಯ ಮಣಿ ನೇರ ಎದುರಿಗೇ ಇತ್ತು. ಭುಜ, ಕೆನ್ನೆ, ಕಣ್ಣು ಎಲ್ಲಕ್ಕೂ ಅದು ತಾನಾಗಿಯೇ ಬಂದು ಕೂತಿತ್ತು.

“ಯವ್ವಾ, ಇದು ನನ್ನ ಅಳತಿ ತಗೊಂಡು ಹೊಲಿದಂಗ ಅದಲ್ಲ!” ಎಂದ.

“ಇದನ್ನೇ ಹೇಳಾಕತ್ತಿದ್ದು ಮುಂಜಾನಿಂದ.”

ಪೀರಾ ಸಾಬ ಅಪ್ಪನ ಬಂದೂಕನ್ನು ಬಟ್ಟೆಯಲ್ಲಿ ಸುತ್ತಿ, ಶಾಮಿಯಾನದ ಕಂಬಕ್ಕೆ ಒರಗಿಸಿ ನಿಲ್ಲಿಸಿದ. “ಯಪ್ಪಾ, ಸಿಟ್ಟಾಗಬ್ಯಾಡ. ನಿನ್ನ ಉಳಿಸಾಕೇ ಇನ್ನೊಂದು ಹಿಡಿಯಾಕತ್ತೀನಿ,” ಎಂದು ಮೆಲ್ಲಗೆ ಹೇಳಿ, ಅಂಜಿನೇಯನಿಗೆ ಅದರ ಕಾವಲು ಒಪ್ಪಿಸಿ ಎರಡನೇ ನಿಲ್ದಾಣಕ್ಕೆ ಹೋದ.

ಅಲ್ಲಿ ಬಿಲ್ಲೆ ಎಡದಿಂದ ಬಲಕ್ಕೆ ಅಡ್ಡ ಹಾರುತ್ತಿತ್ತು. ಪೀರಾ ಸಾಬ ಬಂದೂಕು ಎತ್ತಿದ. ಬಿಲ್ಲೆಯ ಮುಂದಕ್ಕೆ ಎರಡು ಮಾರು ಬಿಟ್ಟು, ಕೈ ನಿಲ್ಲಿಸದೆ ತಿರುಗಿಸುತ್ತ ಬಂದೂಕಿನ ಕುದುರೆ ಎಳೆದ. ಬಿಲ್ಲೆ ಕುಂಕುಮ ಚೆಲ್ಲಿದಂತೆ ಆಕಾಶದಲ್ಲಿ ಪುಡಿಯಾಯಿತು.

ಯಾರಿಗೂ ನಂಬಿಕೆ ಬರಲಿಲ್ಲ. ಎಲ್ಲರಿಗಿಂತ ಹೆಚ್ಚಾಗಿ ಪೀರಾ ಸಾಬನಿಗೇ ಬರಲಿಲ್ಲ. ಎರಡನೆಯದು ಒಡೆಯಿತು, ಮೂರನೆಯದು ಒಡೆಯಿತು. ಐದಕ್ಕೆ ಐದೂ ಒಡೆದ ಮೇಲೆ ನೇತ್ರಾವತಿ ಸೀಟಿ ಕೆಳಗಿಳಿಸಿ ಹತ್ತಿರ ಬಂದಳು.

“ಕಾಕಾ, ಹೊಸಬರೆಲ್ಲ ಬಿಲ್ಲಿಗೇ ಗುರಿ ಇಡ್ತಾರ. ಛರ್ರೆ ಗುಂಡು ಹೋಗಿ ಮುಟ್ಟೋದ್ರಾಗ ಬಿಲ್ಲಿ ಮುಂದ ಹೋಗಿರ್ತದ. ಮುಂದ ಹೊಡಿರಿ, ಮುಂದ ಹೊಡಿರಿ ಅಂತ ನಾ ಮೂರು ಮೂರು ತಿಂಗಳು ಬಡಕೊಳ್ತೀನಿ. ನಿಮಗ ಇದನ್ನ ಯಾರು ಕಲಿಸಿದ್ರು?”

“ನಮ್ಮಪ್ಪ, ಯವ್ವಾ. ಹಕ್ಕಿಗೆ ಬಡಿಬಾರ್ದು ಅಂತ ಕಲಿಸಿದ.”

“ಅಂದ್ರ?”

“ಹಸಗೊಂಡು ಬಂದ ಜೀವದ ಮ್ಯಾಲ ಗುಂಡು ಹೊಡಿಬಾರ್ದು, ದಾರಿ ಅಷ್ಟ ತೋರಿಸ್ಬೇಕು ಅಂತಿದ್ದ. ನಮ್ಮ ಗದ್ದಿಯಾಗ ಹಕ್ಕಿ ತಲಿ ಹತ್ತಿರನ ಬರ್ತಾವ. ಎರಡು ಮಾರು ಮುಂದ ಹೊಡದ್ರ ಒಂದಕ್ಕೂ ತಾಗಂಗಿಲ್ಲ, ಬೆದರಿ ತಿರುಗ್ತಾವ. ಮೂವತ್ತು ವರ್ಷ ಅದೇ ರೂಢಿ.”

ನೇತ್ರಾವತಿ ದೊಡ್ಡದಾಗಿ ನಕ್ಕಳು. “ಇಲ್ಲಿ ಬಿಲ್ಲಿ ದೂರ ಅದ ಕಾಕಾ. ಅಲ್ಲಿ ತಪ್ಪಿಸಾಕ ಬೇಕಾದಷ್ಟ ಇಲ್ಲಿ ಹೊಡಿಯಾಕ ಬೇಕು. ಹಂಗೇ ನಡೀರಿ, ಏನೂ ಬದಲು ಮಾಡಬ್ಯಾಡ್ರಿ.”

ಮೂವತ್ತು ವರ್ಷ ಹಕ್ಕಿ ಉಳಿಸಲು ಕಲಿತ ವಿದ್ಯೆ ಅವತ್ತು ಬಿಲ್ಲೆ ಒಡೆಯಲು ಬಂತು. ಮೂರನೇ ನಿಲ್ದಾಣದಲ್ಲಿ ನೆಲದ ಮೇಲೆ ಉರುಳುವ ಬಿಲ್ಲೆಗಳಿದ್ದವು. ನೆಲದಲ್ಲಿರುವುದು ಬೆಳೆ, ಅದರ ಕಡೆಗೆ ನಳಿಗೆ ಇಳಿಸಬಾರದು ಎಂದು ಅವನ ಕೈ ಮೊದಲನೆಯದಕ್ಕೆ ಹಿಂಜರಿಯಿತು. ಅದು ಉರುಳಿಕೊಂಡು ಪಾರಾಯಿತು. ನೇತ್ರಾವತಿ “ಅದು ಭತ್ತ ಅಲ್ಲ ಕಾಕಾ, ಬಿಲ್ಲಿ!” ಎಂದು ಕೂಗಿದ ಮೇಲೆ ಉಳಿದ ನಾಲ್ಕನ್ನೂ ಒಡೆದ. ನಾಲ್ಕನೇ ನಿಲ್ದಾಣದಲ್ಲಿ ತಲೆಯ ಮೇಲಿನಿಂದ ಬಂದವು, ಐದೂ ಹೋದವು. ಕೊನೆಯ ನಿಲ್ದಾಣದಲ್ಲಿ ಎರಡೂ ಕಡೆಯಿಂದ ಹಾರಿ ಬಂದವು, ಅವೂ ಐದಕ್ಕೆ ಐದು. ಪ್ರತಿ ಬಿಲ್ಲೆ ಒಡೆದಾಗಲೂ ಅವನು ಯಂತ್ರ ನಡೆಸುವವನ ಕಡೆ ತಿರುಗಿ, ಚೆನ್ನಾಗಿ ಹಾರಿಸಿದೆ ಮಾರಾಯ ಎಂಬಂತೆ ತಲೆಬಾಗುತ್ತಿದ್ದ.

ಇಪ್ಪತ್ತೈದಕ್ಕೆ ಹತ್ತೊಂಬತ್ತು. ಅಮೋಘಸಿದ್ದನ ವಿದೇಶಿ ಬಂದೂಕು ಹದಿನೆಂಟಕ್ಕೆ ನಿಂತಿತ್ತು. ದೊಡ್ಡ ಸೊನ್ನೆಯಿಂದ ಶುರುಮಾಡಿದ ಗಾದಿ ಸಾಬ ಮೊದಲನೇ ಬಹುಮಾನ ಹೊಡೆದ ಎಂದು ಶಾಮಿಯಾನ ಎದ್ದು ಕುಣಿಯಿತು. ದಸ್ತಗೀರ್ ಕಂಡಕಂಡವರಿಗೆಲ್ಲ, “ಆ ಬಂದೂಕು ಆರಿಸಿದ್ದು ನಾನೇ,” ಎಂದು ಹೇಳುತ್ತ ತಿರುಗಿದ. ಅಮೋಘಸಿದ್ದ ತಾನಾಗಿ ಬಂದು ಪೀರಾ ಸಾಬನನ್ನು ತಬ್ಬಿಕೊಂಡ. ಪೀರಾ ಸಾಬನ ಕಣ್ಣಲ್ಲಿ ನೀರು ನಿಲ್ಲಲೇ ಇಲ್ಲ. ಎಂಥ ಒಳ್ಳೆಯ ಜನರ ನಡುವೆ ದೇವರು ತನ್ನನ್ನು ಇಟ್ಟಿದ್ದಾನೆ ಎಂದು ಅವನ ಎದೆ ತುಂಬಿ ಬಂತು.

ವೇದಿಕೆಯ ಮೇಲೆ ಕರೆದರು. ಬಹುಮಾನ ಕೊಟ್ಟವರು ರಾಯಚೂರಿನ ಒಂದು ಫರ್ನಿಚರ್ ಅಂಗಡಿಯವರು. ನಾಲ್ಕು ಮಂದಿ ಹೊತ್ತು ತಂದು ನಿಲ್ಲಿಸಿದ್ದು ಆರಡಿ ಉದ್ದದ ಫೋಮ್ ಗಾದಿ. ಹತ್ತಿ ಗಾದಿಯ ವ್ಯಾಪಾರವನ್ನು ಅರ್ಧಕ್ಕೆ ಇಳಿಸಿದ ಆ ಮಹಾಶತ್ರುವನ್ನು ಪೀರಾ ಸಾಬ ಎರಡೂ ಕೈಯಲ್ಲಿ ತಬ್ಬಿ ಹಿಡಿದು ಫೋಟೋಕ್ಕೆ ನಿಂತ. ಗಾದಿಯ ಎರಡೂ ಪಕ್ಕ ಅವನ ಬೆರಳುಗಳಷ್ಟೇ ಕಾಣುತ್ತಿದ್ದವು.

ಸಾಹೇಬರ ಮುಖದಲ್ಲಿ ಮೊದಲ ಸಲ ನಗು ಕಂಡಿತು. ಫೈಲಿನ ಕೆಂಪು ಲಾಡಿ ಬಿಚ್ಚಿ, ಹಾಳೆ ತಿರುಗಿಸಿ, ಪೆನ್ನಿನ ಮುಚ್ಚಳ ತೆಗೆದರು. “ಬಂದೂಕು ಬಲ್ಲವರು ಅಂತ ಒಪ್ಪಿದೆ ಕಣ್ರಿ ಪೀರಾ ಸಾಬ್. ಎರಡು ಮಾತು ಆಡಿ ಅಷ್ಟರಲ್ಲಿ,” ಎಂದು ಹೇಳಿ ಸಹಿ ಮಾಡಲು ಬಗ್ಗಿದರು. ಯಾರೋ ಪೀರಾ ಸಾಬನ ಕೈಗೆ ಮೈಕು ಕೊಟ್ಟರು.

ಹುಟ್ಟಿದಾಗಿನಿಂದ ಅವನು ಮೈಕು ಹಿಡಿದವನಲ್ಲ. ತನ್ನ ದನಿ ಗುಡ್ಡಕ್ಕೆ ಬಡಿದು ವಾಪಸು ಬರುವುದನ್ನು ಕೇಳಿ ಬೆಚ್ಚಿದ. ಆಮೇಲೆ ಎದುರಿಗೆ ಕೂತ ಮುಖಗಳನ್ನು ನೋಡಿದ. ಎದೆಯಲ್ಲಿದ್ದದ್ದೆಲ್ಲ ಕಾಲುವೆಗೆ ನೀರು ಬಿಟ್ಟ ಹಾಗೆ ಹೊರಬಂತು.

“ನಂದೇನೂ ಇಲ್ರಿ ಇದ್ರಾಗ. ಅಂಜಿನೇಯ ಕೋಳಿ ಕೂಗೂ ಮೊದಲು ಎದ್ದು ಬಂದ. ದಸ್ತಗೀರ್ ಚಾಚಾ ಈ ವಯಸ್ಸಿನ್ಯಾಗ ಬಿಸಿಲಾಗ ನಿಂತ್ರು. ಬಿಲ್ಲಿ ಹಾರಿಸಿದ ತಮ್ಮಗೂ, ಬಸ್ಸಿನ ಮಂದಿಗೂ ನನ್ನ ಸಲಾಮು.”

ಚಪ್ಪಾಳೆ ಬಿತ್ತು. ಸಾಹೇಬರ ಪೆನ್ನು ಕಾಗದ ಮುಟ್ಟಿ ಸಹಿಯ ಮೊದಲಕ್ಷರ ಬರೆಯಿತು. ಅಂಜಿನೇಯ ದೂರದಿಂದ ಸಾಕು ಇಳಿ ಎಂದು ಕೈಸನ್ನೆ ಮಾಡಿದ. ಪೀರಾ ಸಾಬನೂ ಮೈಕನ್ನು ವಾಪಸು ಕೊಟ್ಟುಬಿಟ್ಟ. ಆದರೆ ಎರಡು ಹೆಜ್ಜೆ ಹೋದವನ ಕಣ್ಣಿಗೆ ಮೂಲೆಯಲ್ಲಿ ನಿಂತ ನೇತ್ರಾವತಿ ಬಿದ್ದಳು. ಎಲ್ಲರ ಹೆಸರು ಹೇಳಿ, ಎಲ್ಲಕ್ಕಿಂತ ದೊಡ್ಡ ಉಪಕಾರ ಮಾಡಿದವಳನ್ನೇ ಮರೆತೆನಲ್ಲ ಎಂದು ಅವನ ಜೀವ ಚುಳ್ ಎಂದಿತು. ತಿರುಗಿ ಬಂದು ಕೈ ಚಾಚಿದ. ನಿರೂಪಣೆಯವರು ನಗುತ್ತ ಮತ್ತೆ ಮೈಕು ಕೊಟ್ಟರು.

“ಒಂದು ಮಾತು ಬಿಟ್ಟಿತ್ರಿ. ಆ ಸೊನ್ನಿ ನಂದು, ಈ ಹತ್ತೊಂಬತ್ತು ನೇತ್ರವ್ವಂದು. ಅಕಿ ಕೊಟ್ಟ ಕ್ಲಬ್ಬಿನ ಬಂದೂಕಿಂದು. ದೇವರಾಣಿ ಹೇಳ್ತೀನಿ, ನಮ್ಮಪ್ಪನ ಬಂದೂಕು ನನ್ನ ಮೈಗೆ ಒಗ್ಗಂಗೇ ಇಲ್ರಿ. ಉದ್ದ ಆಗ್ತದ, ಎತ್ತಾಕ ಬರಂಗಿಲ್ಲ. ಮೂವತ್ತು ವರ್ಷದಾಗ ಅದರಿಂದ ಒಂದು ಗುಬ್ಬಿ ಸೈತ ಬಿದ್ದಿಲ್ಲ. ಈ ಕ್ಲಬ್ಬಿನ ಬಂದೂಕು ಹಿಡಿದ ಮ್ಯಾಲೆ ನೋಡ್ರಿ, ನಾನೂ ಮನಿಷ್ಯಾ ಆದೆ. ಅಕಿ ಹೊಟ್ಟಿ ತಣ್ಣಗಿರ್ಲಿ!”

ಶಾಮಿಯಾನದಲ್ಲಿ ಮೊದಲಿಗಿಂತ ದೊಡ್ಡ ಚಪ್ಪಾಳೆ ಬಿತ್ತು. ಚಪ್ಪಾಳೆ ಹೊಡೆಯದವರು ಮೂರೇ ಮಂದಿ. ದಸ್ತಗೀರ್ ಹಣೆಗೆ ಕೈ ಹಚ್ಚಿಕೊಂಡಿದ್ದ. ಅಂಜಿನೇಯ ಬಟ್ಟೆ ಸುತ್ತಿದ ಬಂದೂಕನ್ನು ಎದೆಗೆ ಅವಚಿಕೊಂಡಿದ್ದ. ನೇತ್ರಾವತಿ ಕಣ್ಣು ಮುಚ್ಚಿಕೊಂಡಿದ್ದಳು.

ಮೊದಲಕ್ಷರ ಬರೆದ ಪೆನ್ನು ಎರಡನೇ ಅಕ್ಷರಕ್ಕೆ ಹೋಗಲಿಲ್ಲ. ಸಾಹೇಬರು ತಲೆ ಎತ್ತಿ ಪೀರಾ ಸಾಬನನ್ನು ನೋಡಿದರು. ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು.

“ಇಷ್ಟು ಸತ್ಯ ಹೇಳೋರನ್ನ ನನ್ನ ಇಪ್ಪತ್ತು ವರ್ಷದ ಸರ್ವಿಸ್ಸಿನಲ್ಲಿ ನೋಡಿರಲಿಲ್ಲ. ನಿಮಗೆ ನಾನೇ ಧನ್ಯವಾದ ಹೇಳಬೇಕು. ಇಲ್ಲದಿದ್ದರೆ ಎಂಥ ತಪ್ಪು ಮಾಡಿಬಿಡ್ತಿದ್ದೆ! ಮೈಗೆ ಒಗ್ಗದ, ಎತ್ತೋಕೂ ಆಗದ ಬಂದೂಕು ಮನೆಯಲ್ಲಿರೋದು ಅಪಾಯ. ನಿಮಗೆ ಒಗ್ಗೋ ಬಂದೂಕು ಈ ಕ್ಲಬ್ಬಿನಲ್ಲೇ ಇದೆ. ಇಂಥ ಗುರಿಕಾರರು ಪ್ರತಿ ಭಾನುವಾರ ಇಲ್ಲಿ ಬಂದು ಹೊಡೀಲಿ. ಇವತ್ತಿನಿಂದ ಇವರ ಸದಸ್ಯತ್ವ ಉಚಿತ ಅಂತ ಕ್ಲಬ್ಬಿನವರು ಘೋಷಿಸಲಿ!”

ಕ್ಲಬ್ಬಿನವರು ಘೋಷಿಸಿದರು. ಆ ಚಪ್ಪಾಳೆಯ ನಡುವೆಯೇ ಸಾಹೇಬರು ಫೈಲಿನಲ್ಲಿ ಏನೋ ಹೊಡೆದು ಹಾಕಿ, ಬೇರೆ ಏನೋ ಬರೆದು, ಲಾಡಿ ಕಟ್ಟಿದರು. ಅಷ್ಟು ಮಂದಿ ಎದುರಿಗೆ, ಕೈ ಹಿಡಿದು ಹೊಗಳುತ್ತಿರುವ ಮನುಷ್ಯನಿಗೆ ಇಲ್ಲ ಎಂದು ಹೇಳಿ ಪೀರಾ ಸಾಬನಿಗೆ ಗೊತ್ತೇ ಇರಲಿಲ್ಲ.

ಬಂದೋಬಸ್ತಿಗೆ ಬಂದಿದ್ದ ಪೊಲೀಸಪ್ಪ ಬಂದೂಕು ತೆಗೆದುಕೊಂಡು ರಸೀದಿ ಬರೆಯುವಾಗ ಪೀರಾ ಸಾಬ ಹತ್ತಿರ ನಿಂತಿದ್ದ. ನುಣ್ಣಗಾದ ಆ ಕಟ್ಟಿಗೆಯ ಮೇಲೆ ಒಂದು ಸಲ ಕೈಯಾಡಿಸಿದ. “ಒಂದು ಉಪಕಾರ ಮಾಡ್ರಿ ಪೊಲೀಸಪ್ಪಾ. ಠಾಣ್ಯಾಗ ಇದನ್ನ ಮಲಗಿಸಬ್ಯಾಡ್ರಿ. ಗ್ವಾಡಿಗೆ ಒರಗಿಸಿ ನಿಂದರಿಸ್ರಿ. ನಮ್ಮಪ್ಪ ಹಂಗೇ ಇಡ್ತಿದ್ದ.” ಪೊಲೀಸಪ್ಪ ಆಗಲಿ ಎಂದ. ಪೀರಾ ಸಾಬ ಅವನಿಗೂ ಕೈ ಮುಗಿದ.

ನೇತ್ರಾವತಿ ಗೇಟಿನವರೆಗೆ ಬಂದಳು. “ಕಾಕಾ, ನನ್ನ ಹೆಸರು ಬಿಟ್ಟಿದ್ರ ಏನಾಗ್ತಿತ್ತು?”

“ಹ್ಯಾಂಗ ಬಿಡ್ಲಿ ಯವ್ವಾ? ನೀನ ಅಲ್ಲೇನು ಹೊಡಸಿದ್ದು?” ಎಂದು ಅವನು ನಿಜವಾಗಿಯೂ ಅರ್ಥವಾಗದವನಂತೆ ಅವಳ ಮುಖ ನೋಡಿದ.

ಮಾನ್ವಿಯ ಬಸ್ಸಿನ ಮೇಲೆ ಫೋಮ್ ಗಾದಿ ಮಲಗಿ ಬಂತು. ಒಳಗೆ ದಸ್ತಗೀರ್ ದಾರಿಯುದ್ದಕ್ಕೂ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ. ರಾಯಚೂರಿನ ಕಡೆ ಹೋಗುವ ಬಸ್ಸೊಂದು ಎದುರು ಬಂದು ಹಾರ್ನ್ ಹೊಡೆದಾಗ ಮಾತ್ರ ಅಂಜಿನೇಯ, “ಇನ್ನ ಹಕ್ಕಿಗೆ ಇಂಥದ್ದೊಂದು ಹಾರ್ನೇ ಗತಿ,” ಎಂದು ನಿಟ್ಟುಸಿರು ಬಿಟ್ಟ. ಇಷ್ಟಾದರೂ ತನ್ನನ್ನು ಒಂದು ಮಾತು ಬಯ್ಯಲಿಲ್ಲವಲ್ಲ ಎಂದು ಪೀರಾ ಸಾಬನಿಗೆ ಇಬ್ಬರ ಮೇಲೂ ಪ್ರೀತಿ ಉಕ್ಕಿತು.

ದೀಪ ಹಚ್ಚುವ ಹೊತ್ತಿಗೆ ಮೂವರೂ ಗಾದಿ ಹೊತ್ತು ಅಂಗಳಕ್ಕೆ ಬಂದರು. ಖುರ್ಷೀದ್ ಬೇಗಂ ಬಾಗಿಲಲ್ಲಿ ನಿಂತಿದ್ದಳು.

“ಇದೇನ್ರೀ?”

“ಬಹುಮಾನ. ಮೊದಲನೇದು.”

“ಗಾದಿ ಸಾಬನ ಮನಿಗೆ ಫೋಮ್ ಗಾದಿ? ಇರ್ಲಿ. ಬಂದೂಕು ಎಲ್ಲಿ?”

“ಜಮಾ ಆತು.”

“ಮೊದಲನೇ ಬಹುಮಾನ ಬಂತು, ಬಂದೂಕು ಜಮಾ ಆತು?” ಅವಳು ದಸ್ತಗೀರನ ಕಡೆ ನೋಡಿದಳು. ಅವನು ಗೋಡೆಯ ಕಡೆ ತಿರುಗಿದ. ಅಂಜಿನೇಯನ ಕಡೆ ನೋಡಿದಳು. ಅವನು ಉಗುರಿನ ಎಣ್ಣೆ ಕೆರೆಯತೊಡಗಿದ. ಅವಳು ಒಳಗೆ ಹೋಗಿ ಚೆಂಬಿನಲ್ಲಿ ನೀರು ತಂದು ಗಂಡನ ಕೈಗೆ ಕೊಟ್ಟಳು. ಅಷ್ಟು ಹೊತ್ತಿಗೆ ಅವಳಿಗೆ ಎಲ್ಲವೂ ತಿಳಿದಿತ್ತು.

“ಅಲ್ಲಿ ನಿಮ್ಮ ಕೈಯಾಗ ಮೈಕ್ ಕೊಟ್ಟಿದ್ರೇನು?”

ಪೀರಾ ಸಾಬ ನೀರು ಕುಡಿದು, ಚೆಂಬು ಇಳಿಸಿ, ತಲೆ ತಗ್ಗಿಸಿದ.

“ಎರಡು ಸಲ ಕೊಟ್ರು ನೋಡು,” ಎಂದ, “ಭಾಳ ಒಳ್ಳೆ ಮಂದಿ.”